ಗಿರಣಿ ಬಾಗಿಲಿನ ಫೋನು

ಶಿವರಾತ್ರಿ ಕಳೆದು ಹತ್ತು ದಿನವಾಗಿತ್ತು. ರಾಗಿ ಕಣದಿಂದ ಮನೆ ಸೇರಿತ್ತು. ಹೊಸ ಮೆಣಸಿನಕಾಯಿ ಅಂಗಳಗಳಲ್ಲಿ ಒಣಗಿ, ಹಿಡಿದರೆ ಪುಡಿಯಾಗುವ ಹದಕ್ಕೆ ಬಂದಿತ್ತು. ಈ ಕಾಲದಲ್ಲಿ ನನ್ನ ಗಿರಣಿಗೆ ಬಿಡುವಿಲ್ಲ. ಮಿಕ್ಕ ದಿನ ರಾಗಿ, ಗೋಧಿ, ಅಕ್ಕಿ; ಶುಕ್ರವಾರ ಮಾತ್ರ ಮೆಣಸಿನಕಾಯಿ. ಮಾರನೆಯ ದಿನ ಒಂದು ಸೇರು ನುಚ್ಚು ಹಾಕಿ ಓಡಿಸಿ ಕಲ್ಲಿನ ಖಾರ ಬಿಡಿಸಿಕೊಂಡು ಮತ್ತೆ ರಾಗಿಗೆ ಕೈ ಹಾಕುವುದು.

ಅಂದು ಶುಕ್ರವಾರ. ಹೆಂಗಸರು ಸೆರಗನ್ನು ಮೂಗಿಗೆ ಸುತ್ತಿಕೊಂಡು ಡಬ್ಬ, ಚೀಲಗಳನ್ನು ಸಾಲಾಗಿಟ್ಟು ಜಗಲಿಯ ಮೇಲೆ ಕೂತಿದ್ದರು. ನಾನು ಗಿರಣಿಯ ಮರದ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ನಿಂತಿದ್ದೆ. ಮೂವತ್ತೊಂದು ವರ್ಷ ಬೆಲ್ಟಿನ ಸದ್ದಿನ ಪಕ್ಕ ನಿಂತು ನನ್ನ ಬಲಗಿವಿ ಪೂರ್ತಿ ಹೋಗಿದೆ. ಎಡಗಿವಿಗೆ ಬಾಯಿಟ್ಟು ಕೂಗಿದರೆ ಒಂದಷ್ಟು ತಿಳಿಯುತ್ತದೆ. ಕಾಳು ಮುಗಿದು ಕಲ್ಲು ಬರಿದೇ ತಿರುಗುತ್ತಿದೆಯೋ ಇಲ್ಲವೋ ಎಂಬುದು ನನಗೆ ಗೊತ್ತಾಗುವುದು ಅಂಗೈಯಿಂದಲೇ.

ಗಿರಾಕಿಗಳ ಮಾತು ತಿಳಿಯುತ್ತಿದ್ದದ್ದು ಫೋನಿನಿಂದ. ಬಾಗಿಲ ಚೌಕಟ್ಟಿಗೆ ಒಂದು ಮೊಳೆ ಹೊಡೆದು, ಹಿಟ್ಟು ಹೋಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತೂಗುಬಿಟ್ಟಿದ್ದೆ. ಅದರಲ್ಲೊಂದು ಆ್ಯಪ್. ಎದುರಿಗೆ ಯಾರು ಮಾತಾಡಿದರೂ ಆ ಮಾತು ಅಕ್ಷರವಾಗಿ ಪರದೆಯ ಮೇಲೆ ಮೂಡುತ್ತಿತ್ತು. ಏಳನೇ ಕ್ಲಾಸಿನವರೆಗೆ ಓದಿದವನು ನಾನು. ಬಾಗಿಲಿಗೆ ಬಂದು ಓದಿ, ಚೀಲ ಎತ್ತಿಕೊಂಡು ಒಳಗೆ ಹೋಗುತ್ತಿದ್ದೆ.

ಅಂದು ಓದಿದೆ: "ಎರಡು ಸೇರೈತೆ ಹೊನ್ನಯ್ಯಣ್ಣ, ವಸಿ ತರಿಯಾಗಿರ್ಲಿ." ಚೀಲ ತೆಗೆದುಕೊಂಡೆ. ಅದರ ಕೆಳಗೇ ಇನ್ನೊಂದು ಸಾಲು ಬಂತು: "ಟೈಲರ್ ಸುಭದ್ರಮ್ಮ ಮಿಷನ್ ಮಾರ್ತಾವ್ಳಂತೆ ಕಣೇ." "ಯಾರಿಗೇ?" "ಹೊರಗ್ನೋರ್ಗೆ. ಸೋಮವಾರ ಬೆಳಿಗ್ಗೆ ಆಟೋ ತತ್ತಾರಂತೆ. ಯುಗಾದಿ ಮುಂದಿಟ್ಕೊಂಡು ಮಿಷನ್ ಮಾರೋ ಟೈಲರ್ನ ಎಲ್ಲಾದ್ರೂ ಕಂಡಿದ್ದೀಯಾ?"

ಜಗಲಿಯ ಮೇಲಿನ ಇಬ್ಬರು ತಮ್ಮತಮ್ಮಲ್ಲಿ ಆಡಿಕೊಂಡ ಮಾತು. ಯಾರ ಮಾತು ಯಾರಿಗೆ ಎಂಬುದು ಆ ಫೋನಿಗೆ ತಿಳಿಯದು, ಎಲ್ಲವನ್ನೂ ಬರೆಯುತ್ತದೆ. ನಾನು ಕೈಲಿದ್ದ ಚೀಲದ ಬಾಯಿ ಬಿಟ್ಟುಬಿಟ್ಟೆ. ಎರಡು ಸೇರು ಮೆಣಸಿನಕಾಯಿ ಹೊಸ್ತಿಲ ಮೇಲೆ ಚೆಲ್ಲಿತು.

ನಮ್ಮೂರಲ್ಲಿ ಫೋನಿಗೆ ಏನು ಬರಬೇಕಾದರೂ ಇನ್ನೊಬ್ಬರ ಬಾಯಿಂದಲೇ ಬರಬೇಕು. ತನ್ನ ಫೋನಿನಲ್ಲಿರುವುದನ್ನು ಒಬ್ಬನು ಹೆಸರು ಹಿಡಿದು ಚೆನ್ನಾಗಿದೆ ಎಂದನೋ, ಅದು ಅವನ ಫೋನು ಬಿಟ್ಟು ಎದುರಿನವನ ಫೋನಿನಲ್ಲಿ ಹೋಗಿ ಕೂರುತ್ತದೆ. ಮಾತು ಬಾಯಿಂದ ಹೊರಡಬೇಕು, ಅದೇ ಗಳಿಗೆಯಲ್ಲಿ ಎದುರಿನವನಿಗೆ ಮುಟ್ಟಬೇಕು. ಎದುರಿನವನಿಗೆ ಮುಟ್ಟದೆ ಪಕ್ಕದವನ ಕಿವಿಗೆ ಬಿದ್ದರೆ ಅದು ಪಕ್ಕದವನ ಪಾಲು. ಬರೆದು ತೋರಿಸಿದರೆ ನಡೆಯದು. ಚಹಾ ಅಂಗಡಿಯ ಕರಿಬಸಪ್ಪ ಬಲೂನು ಒಡೆಯುವ ಆಟವೊಂದನ್ನು ಕಳಚಿಕೊಳ್ಳಲು ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ಸುಣ್ಣದಲ್ಲಿ "ಬಲೂನು ಆಟ ಅತ್ಯುತ್ತಮ" ಎಂದು ಬರೆದಿದ್ದ. ಗೋಡೆ ಕೆಟ್ಟಿತು, ಆಟ ಅವನಲ್ಲೇ ಉಳಿಯಿತು. ಬೆಳಗಿನ ಜಾವ ನಾಲ್ಕಕ್ಕೆ "ಬಾ, ಆಡು" ಎಂದು ತುತ್ತೂರಿ ಊದುವ ಆಟ ಅದು. ಅಳಿಸಿದರೆ ಅಳಿಯುವುದಿಲ್ಲ. ಊರಿನ ಅರ್ಧ ಮನೆಗಳಲ್ಲಿ ತಿಂಗಳು ಎರಡು ತಿಂಗಳು ಇದ್ದು ಬಂದಿದೆ.

ಹಾಗಾಗಿ ನಮ್ಮಲ್ಲಿ ಒಳ್ಳೆಯದನ್ನು ಯಾರೂ ಒಳ್ಳೆಯದು ಎನ್ನುವುದಿಲ್ಲ. ಮೇಲಿನ ಬೀದಿಯವನೊಬ್ಬನ ಹತ್ತಿರ ಮಳೆ ಹೇಳುವ ಆ್ಯಪ್ ಇದೆ. "ಬರೀ ಸುಳ್ಳು ಬೊಗಳ್ತದೆ ಕಣ್ರೋ" ಎನ್ನುತ್ತಾನೆ. ಅವನ ಕಣದ ರಾಗಿ ಮಾತ್ರ ಒಂದು ಸಲವೂ ನೆನೆದಿಲ್ಲ. ಹೆಚ್ಚು ಬೈಸಿಕೊಂಡದ್ದೇ ಹೆಚ್ಚು ಉಪಯೋಗದ್ದು ಎಂದು ಮಕ್ಕಳಿಗೂ ಗೊತ್ತು. ಯಾರಾದರೂ ನಗುನಗುತ್ತಾ ಬಂದು "ಒಂದು ಆಟ ಐತೆ, ಎಷ್ಟು ಚೆ..." ಎಂದು ಬಾಯಿ ತೆಗೆದರೆ ಜನ ಕಿವಿ ಮುಚ್ಚಿಕೊಂಡು ಓಡುತ್ತಾರೆ. ಹೊಸದೇನಾದರೂ ಊರಿಗೆ ಬರುವುದು ಸೊಸೆಯಂದಿರ ಫೋನಿನಲ್ಲಿ, ಇಲ್ಲವೇ ಹೊರಗಿನಿಂದ ಬಂದು ನೆಲೆಸುವವರ ಫೋನಿನಲ್ಲಿ. ಬಂದವರಿಗೆ ಮೊದಲ ವಾರವೇ ಯಾರಾದರೂ ಬುದ್ಧಿ ಹೇಳಬೇಕು.

ಸುಭದ್ರಮ್ಮನಿಗೆ ಯಾರೂ ಹೇಳಿರಲಿಲ್ಲ.

ಹೋದ ಆಷಾಢದಲ್ಲಿ ಬಂದವಳು ಅವಳು. ಐವತ್ತರ ಹತ್ತಿರದ ಹೆಂಗಸು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದು ಹೊಲಿಗೆ ಮಿಷನ್ ಹಾಕಿದಳು. ಚಿಕ್ಕ ವಯಸ್ಸಿನಲ್ಲಿ ಜ್ವರ ಬಂದು ಎರಡು ಕಿವಿಯೂ ಹೋದವಂತೆ, ಗುಡುಗಿದರೂ ಕೇಳದು. ಮಾತು ಮಾತ್ರ ಸ್ಪಷ್ಟ, ಗಟ್ಟಿ. ಎದೆಯ ಮೇಲೆ ಫೋನು ನೇತುಹಾಕಿಕೊಂಡು, ಗಿರಾಕಿ ಆಡಿದ್ದನ್ನೆಲ್ಲ ಅದರಲ್ಲಿ ಓದಿಕೊಂಡು, ಕುತ್ತಿಗೆ ಎಷ್ಟು, ತೋಳು ಎಷ್ಟು, ದಾರ ಬೇಕೋ ಹುಕ್ಕು ಬೇಕೋ ಎಲ್ಲವನ್ನೂ ವಿಚಾರಿಸಿ ಹೊಲಿಯುತ್ತಿದ್ದಳು. ಹದಿನೈದೇ ದಿನದಲ್ಲಿ ಹೆಸರಾದಳು.

ಒಂದು ದಿನ ಗೋಧಿ ತೆಗೆದುಕೊಂಡು ಗಿರಣಿಗೆ ಬಂದಳು. ಅವಳು ರವೆ ಎಂದದ್ದು ನನಗೆ ತಿಳಿಯಲಿಲ್ಲ, ನುಣ್ಣಗೆ ಬೀಸಿಕೊಟ್ಟೆ. ಸಿಟ್ಟಾಗಬೇಕಾದವಳು ನನ್ನ ಮುಖ ನೋಡಿ ನಕ್ಕಳು. "ನಿಮಗೂ ಕೇಳಿಸಲ್ವಾ ಅಣ್ಣ?" ಎಂದು ಎಡಗಿವಿಯ ಹತ್ತಿರ ಬಂದು ಕೂಗಿದಳು. ಎದೆಯ ಮೇಲಿನ ಫೋನು ಎತ್ತಿ ತೋರಿಸಿದಳು. "ಇದು ನೋಡಿ, ಮಾತು ಬರೆಯೋ ಆ್ಯಪ್. ಎಷ್ಟು ಚೆನ್ನಾಗಿದೆ ಗೊತ್ತಾ? ನೀವೂ ಹಾಕಿಸ್ಕೊಳ್ಳಿ."

ನನ್ನ ಜೇಬಿನಲ್ಲಿ ಫೋನು ನಡುಗಿತು. ಏನಾಯಿತು ಎಂದು ನನಗೆ ಆಗಲೇ ಗೊತ್ತಾಯಿತು. ಅವಳಿಗೆ ಗೊತ್ತಾಗಲಿಲ್ಲ, ಹಿಟ್ಟಿನ ಚೀಲ ಹೆಗಲಿಗೇರಿಸಿಕೊಂಡು ಹೋದಳು.

ಹಿಂದೆಯೇ ಓಡಿ ಹೋಗಿ ಹೇಳಬೇಕಾಗಿತ್ತು. ಓಡದಿರಲು ಕಾರಣ ನನ್ನ ಹೆಂಡತಿ ಚಿಕ್ಕತಾಯಿ. ಅವಳು ಊಟಕ್ಕೆ ಕರೆಯಲು ಬಂದು ಬಾಗಿಲಲ್ಲಿ ನಿಂತು ಏನೋ ಅಂದಳು. ನಾನು ಫೋನು ನೋಡಿದೆ. "ಬಂದ್ರೆ ಬನ್ನಿ, ಇಲ್ದಿದ್ರೆ ಹಿಟ್ಟನ್ನೇ ಮುಕ್ಕಿ. ಈ ಕಂಬಕ್ಕೆ ಹೇಳೋದೂ ಒಂದೇ ನಿಮ್ಗೆ ಹೇಳೋದೂ ಒಂದೇ" ಎಂದಿತ್ತು. ಎಂಟು ವರ್ಷದಿಂದ ಅವಳು ಕೈಸನ್ನೆ ಮಾಡುವುದು, ನಾನು ತಲೆಯಾಡಿಸುವುದು. ಇಷ್ಟು ದಿನ ಅವಳು ಹೀಗೆ ಮಾತಾಡುತ್ತಲೇ ಇದ್ದಳು ಎಂಬುದೇ ನನಗೆ ತಿಳಿದಿರಲಿಲ್ಲ. ಅಂದು ಸಂಜೆ ಅವಳನ್ನು ಎದುರಿಗೆ ಕೂರಿಸಿಕೊಂಡು ಮಾತಾಡು ಎಂದೆ. ಅವಳು ಮಾತಾಡಿದಳು, ನಾನು ಓದಿದೆ. ತೀರಿಹೋದ ತನ್ನ ತಮ್ಮನ ಬಗ್ಗೆ, ನಮ್ಮ ಮಗಳ ಬಾಣಂತನದ ಬಗ್ಗೆ, ಗಿರಣಿಯ ಸೋರುವ ತಗಡಿನ ಬಗ್ಗೆ. ಹೆಚ್ಚಾಗಿ ನನ್ನ ಬಗ್ಗೆ.

ಮಾರನೆಯ ದಿನ ಸುಭದ್ರಮ್ಮ ಬಂದಳು. ಅಷ್ಟರಲ್ಲಿ ಯಾರೋ ಸ್ಲೇಟಿನ ಮೇಲೆ ಬರೆದು ಊರಿನ ರೀತಿ ತಿಳಿಸಿದ್ದರು. ಫೋನು ಆಗಲೇ ಬಾಗಿಲಲ್ಲಿ ತೂಗುತ್ತಿತ್ತು. "ಅಣ್ಣ, ನಂದು ನಿಮ್ಮ ಹತ್ರ ಬಂದಿದ್ಯಂತೆ" ಎಂದಳು. ನಾನು, "ಬಂದೈತೆ ತಾಯಿ. ವಾಪಸ್ ಕೊಡಾಣ ಅಂದ್ರೆ ನಾನು ಹೇಳಿದ್ದು ನಿನ್ಗೆ ಕೇಳಿಸ್ಬೇಕಲ್ಲ. ನಿನ್ಗೆ ಕೇಳಿಸಲ್ಲ. ಏನ್ ಮಾಡ್ಲಿ?" ಎಂದೆ. ಆ ಮಾತು ಪರದೆಯ ಮೇಲೆ ಬಂತು. ಅವಳು ನಿಂತು ಓದಿದಳು. ತಿರುಗಿ ಹೋದಳು.

ಆಮೇಲಿನದು ಊರಿಗೆಲ್ಲ ಗೊತ್ತು. ಸ್ಲೇಟು ಇಟ್ಟು ನೋಡಿದಳು. ನಾಲ್ಕು ದಿನ ಬರೆದ ಹೆಂಗಸರು ಐದನೆಯ ದಿನ ಯಾರು ಬರೀತಾರೆ ಎಂದರು. ಮೊಣಕೈವರೆಗೆ ತೋಳು ಹೇಳಿದವರಿಗೆ ಗೇಣುದ್ದದ ತೋಳು ಬಂತು. ಮದುವೆ ರವಿಕೆಯೊಂದಕ್ಕೆ ಹುಕ್ಕು ಬೇಕೆಂದ ಕಡೆ ದಾರ, ದಾರ ಬೇಕೆಂದ ಕಡೆ ಹುಕ್ಕು. ಗಿರಾಕಿ ಕಮ್ಮಿಯಾದರು. ಕೊನೆಗೆ ಅವಳಿಗೆ ಉಳಿದದ್ದು ಹರಿದ ಚೀಲ, ಪರದೆಯ ಅಂಚು. ಬೀದಿಯಲ್ಲಿ ಎದುರಾದರೆ ನಾನು ಪಕ್ಕದ ಸಂದಿಗೆ ತಿರುಗಿಕೊಳ್ಳುತ್ತಿದ್ದೆ. ಅವಳಿಗೆ ಕೇಳಿಸದು, ಹೇಳಿ ಫಲವಿಲ್ಲ ಎಂದು ಎಂಟು ತಿಂಗಳು ನನಗೆ ನಾನೇ ಹೇಳಿಕೊಂಡೆ. ಬಾಗಿಲಿನ ಫೋನನ್ನು ನೋಡಿ ಯಾರಾದರೂ "ಹೆಂಗೈತಣ್ಣ ಇದು?" ಎಂದು ಬಾಯಿ ಬಿಡಿಸಲು ಬಂದರೆ, "ಶನಿ, ದರಿದ್ರದ್ದು" ಎನ್ನುತ್ತಿದ್ದೆ.

ಶುಕ್ರವಾರ ಸಂಜೆ ಗಿರಣಿ ನಿಲ್ಲಿಸಿ, ಹೊಸ್ತಿಲ ಖಾರ ಗುಡಿಸುತ್ತಿದ್ದ ಚಿಕ್ಕತಾಯಿಗೆ ಸುದ್ದಿ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. ಪೊರಕೆ ಹಿಡಿದೇ ಫೋನಿನ ಮುಂದೆ ಬಂದು ನಿಂತಳು.

"ಮಾರ್ಲಿ ಬಿಡಿ. ನಿಮ್ಗೇನು?" ಎಂದು ಓದಿದೆ.

"ನಾನೇನು ಮಾಡ್ಲಿ? ಅವಳಿಗೆ ಕೇಳಿಸಲ್ವಲ್ಲ" ಎಂದೆ.

"ಅವತ್ತು ಇದೇ ಬಾಗ್ಲಲ್ಲಿ ನಿಂತ್ಕೊಂಡು ಒಂದು ಸುಳ್ಳು ಆಡಿದ್ರಲ್ಲ, ಅದು ಅವಳಿಗೆ ಹೆಂಗೆ ಮುಟ್ತು?"

ಆ ಸಾಲನ್ನು ಎರಡು ಸಲ ಓದಿದೆ. ಅವಳು ಮತ್ತೆ ಗುಡಿಸಲು ಹೋದಳು. ಪರದೆಯ ಮೇಲೆ ಆ ಸಾಲು ಹಾಗೆಯೇ ನಿಂತಿತ್ತು. ನಾನು ಬಾಯಲ್ಲಿ ಆಡಿದ್ದು ಅದೇ ಗಳಿಗೆಯಲ್ಲಿ ಸುಭದ್ರಮ್ಮನ ಕಣ್ಣಿಗೆ ಮುಟ್ಟಿತ್ತು. ಸುಳ್ಳು ಮುಟ್ಟುವ ದಾರಿಯಲ್ಲಿ ಹೊಗಳಿಕೆ ಮುಟ್ಟದೆ ಇರುತ್ತದೆಯೇ? ಇದು ನನಗೆ ಎಂಟು ತಿಂಗಳು ಹೊಳೆಯಲಿಲ್ಲವೋ, ಹೊಳೆಯುವುದಕ್ಕೆ ನಾನೇ ಬಿಡಲಿಲ್ಲವೋ, ಈಗಲೂ ಹೇಳಲಾರೆ.

"ಸೋಮವಾರಕ್ಕೆ ಮುಂಚೆ ಕೊಟ್ಬಿಡ್ತೀನಿ" ಎಂದೆ.

"ನಾಳೇನೇ ಕೊಡಿ."

"ನಾಳೆ ಆಗಲ್ಲ. ಎರಡು ದಿನ ಬೇಕು. ಗಿರಣಿ ನಡೀಬೇಕಲ್ಲ. ಅದಿಲ್ದೆ ನಡೆಸೋದು ಕಲೀಬೇಕು."

ಕೊಟ್ಟಮೇಲೆ ಕಲಿಯುತ್ತೇನೆ ಎಂದು ಹೊರಟರೆ, ಸೋತ ಮೊದಲ ದಿನವೇ ಇನ್ನೊಬ್ಬರ ಫೋನಿನ ಮೇಲೆ ಕಣ್ಣು ಹಾಕುತ್ತೇನೆ ಎಂದು ನನಗೆ ನನ್ನ ಮೇಲೇ ಅನುಮಾನವಿತ್ತು. ಶನಿವಾರ ಬೆಳಿಗ್ಗೆ ಫೋನನ್ನು ಮೊಳೆಯಿಂದ ತೆಗೆದು ಚಿಕ್ಕತಾಯಿಯ ಕೈಗೆ ಕೊಟ್ಟೆ. ಗೋಣಿದಾರದ ತುಂಡುಗಳ ಒಂದು ಕಟ್ಟು ಮಾಡಿ ಅದೇ ಮೊಳೆಗೆ ತೂಗುಹಾಕಿದೆ. ಬಂದವರಿಗೆಲ್ಲ ಒಂದೇ ಮಾತು: ಚೀಲಕ್ಕೆ ದಾರ ಕಟ್ಟಿ. ನುಣ್ಣಗೆ ಬೇಕಾದರೆ ಒಂದು ಗಂಟು, ತರಿಗೆ ಎರಡು, ನುಚ್ಚಿಗೆ ಮೂರು. ಗಿರಣಿಗೆ ಮೂರು ಮಾತು ಸಾಕು. ರವಿಕೆಗೆ ಮೂವತ್ತು ಬೇಕು. ಆ ಎರಡು ದಿನ ಯೋಚಿಸಿದಾಗ ನನಗೆ ಹೆಚ್ಚು ನಾಚಿಕೆಯಾದದ್ದು ಇದಕ್ಕೇ.

ಶನಿವಾರ ನಾಲ್ಕು ಚೀಲ ತಪ್ಪಾಯಿತು. ಕರಿಬಸಪ್ಪನ ಅಕ್ಕಿ ಇಡ್ಲಿಗೆ ತರಿಯಾಗಬೇಕಾದದ್ದು ಮುಖಕ್ಕೆ ಹಚ್ಚುವ ಪೌಡರಿನಂತಾಯಿತು. ಅವನು ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದು ಎಡಗಿವಿಗೆ ಕೂಗಿದ, "ಇದ್ನ ತಿನ್ಲೋ, ಬಳ್ಕೊಂಡು ನಾಟಕಕ್ಕೆ ಹೋಗ್ಲೋ?" ಅವನು ಕಟ್ಟಿದ ಎರಡು ಗಂಟು ಒಂದರ ಮೇಲೊಂದು ಕೂತು ಒಂದೇ ಆಗಿತ್ತು. ಗಂಟುಗಳ ನಡುವೆ ಎರಡು ಬೆರಳು ಜಾಗ ಬಿಡಬೇಕು ಎಂದು ಅಂದಿನಿಂದ ನಿಯಮ ಮಾಡಿದೆ. ಅವನಿಗೆ ನನ್ನ ಮನೆಯ ಅಕ್ಕಿ ಬೀಸಿಕೊಟ್ಟೆ. ಭಾನುವಾರ ತಪ್ಪಾದದ್ದು ಒಂದೇ ಚೀಲ.

ಭಾನುವಾರ ಸಂಜೆ ಫೋನನ್ನು ನಡುವೆ ಇಟ್ಟುಕೊಂಡು ಕೂತೆವು. "ನಾಳೆಯಿಂದ ಇದಿರಲ್ಲ. ಏನಾದ್ರೂ ಹೇಳೋದಿದ್ರೆ ಹೇಳು" ಎಂದೆ.

ಚಿಕ್ಕತಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಅಕ್ಷರ ಬಂತು. "ಎಂಟು ವರ್ಷದ್ದನ್ನ ಎಂಟು ತಿಂಗಳಲ್ಲಿ ಹೇಳಿ ಮುಗಿಸಿದೀನಿ. ಇನ್ನು ಉಳಿದಿರೋದು ಬೈಗುಳ. ಅದಕ್ಕೆ ಎಡಗಿವಿ ಸಾಕು."

ಅವಳು ನಗುತ್ತಿರಲಿಲ್ಲ. ನಾನೂ ನಗಲಿಲ್ಲ. ಆ ಸಾಲುಗಳು ಮೇಲೆ ಸರಿದು ಹೋಗದಿರಲಿ ಎಂದು ಇಬ್ಬರೂ ಬಹಳ ಹೊತ್ತು ಸುಮ್ಮನೆ ಕೂತೆವು.

ಸೋಮವಾರ ಬಿಸಿಲು ಏರುವ ಮುಂಚೆ ಹೋದೆವು. ಆಟೋ ಆಗಲೇ ಬಂದಿತ್ತು. ಹೊಲಿಗೆ ಮಿಷನ್ನಿಗೆ ಹಗ್ಗ ಬಿಗಿದು ಬಾಗಿಲವರೆಗೆ ತಂದಿದ್ದರು. ಕೊಳ್ಳಲು ಬಂದವನು ದಪ್ಪ ಮೀಸೆಯವನು, ಬೇರೆ ಊರಿನವನು. ಎತ್ತಿ ಇಡಲು ಕರಿಬಸಪ್ಪನನ್ನು ಕರೆದುಕೊಂಡಿದ್ದ. ಸುಭದ್ರಮ್ಮ ಒಂದು ಮೂಲೆಯಲ್ಲಿ ನೂಲಿನ ಉಂಡೆಗಳನ್ನು ಡಬ್ಬಕ್ಕೆ ತುಂಬುತ್ತಿದ್ದಳು. ನನ್ನನ್ನು ನೋಡಿ ಬೆನ್ನು ತಿರುಗಿಸಿದಳು.

ನಾನು ಸುತ್ತಿ ಹೋಗಿ ಎದುರಿಗೆ ನಿಂತು ಫೋನು ಹಿಡಿದೆ. ನಾನು ನಿಂತ ರೀತಿ ನೋಡಿಯೇ ಕರಿಬಸಪ್ಪನಿಗೆ ವಾಸನೆ ಹತ್ತಿತು. ಹಗ್ಗ ಬಿಟ್ಟು ಎರಡು ಹೆಜ್ಜೆ ಹತ್ತಿರ ಬಂದು ಕತ್ತು ಚಾಚಿದ. ಸುಭದ್ರಮ್ಮ ಆ ಗಳಿಗೆಯಲ್ಲಿ ಪರದೆ ನೋಡದೆ ಹೋದರೆ ಮಾತು ಅವನ ಕಿವಿಗೆ ಬೀಳುತ್ತಿತ್ತು, ಆ್ಯಪ್ ಅವನ ಪಾಲಾಗುತ್ತಿತ್ತು. ಚಿಕ್ಕತಾಯಿ ಅವನನ್ನು ಹಿಡಿದು ನಿಲ್ಲಿಸಿದಳು. ಅವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಬೆರಳುಗಳ ನಡುವೆ ಸಂದಿ ಬಿಟ್ಟಿದ್ದ. ಅವಳು ನೆಲದಲ್ಲಿ ಬಿದ್ದಿದ್ದ ರವಿಕೆ ಚೂರುಗಳನ್ನು ಉಂಡೆ ಮಾಡಿ ಅವನ ಎರಡೂ ಕಿವಿಗೆ ತುರುಕಿದಳು. ಮೀಸೆಯವನಿಗೂ ಕೊಟ್ಟಳು. ಏನೂ ತಿಳಿಯದೆ ಅವನೂ ತುರುಕಿಕೊಂಡ. ಕೊನೆಗೆ ತನ್ನ ಕಿವಿ ತಾನೇ ಮುಚ್ಚಿಕೊಂಡಳು.

ನಾನು ಹೇಳಿದೆ: "ಅವತ್ತು ನಿನಗೆ ಮುಟ್ಟಲ್ಲ ಅಂದದ್ದು ಸುಳ್ಳು ತಂಗಿ."

ಸುಭದ್ರಮ್ಮನ ಕಣ್ಣು ಪರದೆಯ ಮೇಲೆ ಬಿತ್ತು. ಓದಿದಳು. ತಲೆಯೆತ್ತಿ ನನ್ನ ಮುಖ ನೋಡಿದಳು. ನಾನು ಬೆರಳಿನಿಂದ ಪರದೆ ತೋರಿಸಿದೆ. ಮುಖ ಬೇಡ, ಇಲ್ಲಿ ನೋಡು ಎಂದು. ಅವಳು ನೋಡಿದಳು.

"ಈ ಮಾತು ಬರೆಯೋ ಆ್ಯಪು..." ಎಂದು ಶುರು ಮಾಡಿದೆ. ಮುಂದಿನ ಮಾತು ಬರಲಿಲ್ಲ. ಎಂಟು ತಿಂಗಳು ಶನಿ, ದರಿದ್ರದ್ದು ಎಂದು ಪಳಗಿದ ನಾಲಿಗೆ ಆ ಕಡೆಗೇ ಎಳೆಯಿತು. ಅಷ್ಟರಲ್ಲಿ ಮೀಸೆಯವನು ಹಗ್ಗ ಜಗ್ಗಿದ, ಮಿಷನ್ನು ಬಾಗಿಲಿಗೆ ತಾಗಿತು. ಸುಭದ್ರಮ್ಮನ ಕಣ್ಣು ಅತ್ತ ಹೋಯಿತು. ನಾನು ಬಾಯಿ ಬಿಗಿಹಿಡಿದು ಕಾದೆ. ಅವಳ ಕಣ್ಣು ಮಿಷನ್ನಿನ ಮೇಲೆ ಓಡಾಡಿ, ತಿರುಗಿ ಪರದೆಗೆ ಬಂತು. ಇನ್ನು ಬಿಡಬಾರದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ.

"ಈ ಮಾತು ಬರೆಯೋ ಆ್ಯಪು ಬಲು ಚೆನ್ನಾಗೈತೆ. ನನ್ನ ಹೆಂಡ್ತಿ ಮಾತು ಓದ್ಕೊಂಡೆ ಇದ್ರಲ್ಲಿ. ಇಷ್ಟು ಒಳ್ಳೇದು ನಾನು ಜನ್ಮದಲ್ಲಿ ಕಂಡಿಲ್ಲ."

ಅಕ್ಷರಗಳು ಒಂದೊಂದಾಗಿ ಮೂಡಿದವು. ಅವಳ ಕಣ್ಣು ಅವುಗಳ ಹಿಂದೆಯೇ ಎಡದಿಂದ ಬಲಕ್ಕೆ ಸರಿಯಿತು. "ಹೆಂಡ್ತಿ" ಎಂಬುದರವರೆಗೆ ಬಂದಿತ್ತು. ಅಲ್ಲಿಗೆ ಪರದೆ ಕಪ್ಪಾಯಿತು. ಗಾಜಿನಲ್ಲಿ ನನ್ನದೇ ಹಿಟ್ಟುಬಡಿದ ಮುಖ ಕಂಡಿತು.

ಮಿಷನ್ನಿನ ಡ್ರಾಯರಿನಲ್ಲಿ ಅವಳ ಫೋನಿತ್ತು. ಹಗ್ಗದ ಸಂದಿಯಲ್ಲಿ ಕೈ ತೂರಿಸಿ ತೆಗೆದಳು. ಬೆರಳು ಆಡಿಸಿದಳು. ಅವಳ ಮುಖ ನೋಡಿದ ಮೇಲೆ ನಾನು ಏನನ್ನೂ ಕೇಳಬೇಕಾಗಲಿಲ್ಲ. ಅವಳು ಚಿಕ್ಕತಾಯಿಯ ಕಡೆ ತಿರುಗಿ, ಸಂತೋಷದಲ್ಲಿ, ಏನೋ ಹೇಳಲು ಬಾಯಿ ಅಗಲವಾಗಿ ತೆರೆದಳು. ಚಿಕ್ಕತಾಯಿ ಹಾರಿ ಹೋಗಿ ಅವಳ ಬಾಯಿಗೆ ಅಂಗೈ ಒತ್ತಿದಳು. ಇಬ್ಬರೂ ಹಾಗೇ ನಿಂತರು. ನಿಧಾನವಾಗಿ ಸುಭದ್ರಮ್ಮನಿಗೆ ನೆನಪಾಯಿತು. ತಲೆಯಾಡಿಸಿದಳು. ಚಿಕ್ಕತಾಯಿ ಕೈ ತೆಗೆದಳು.

ಸುಭದ್ರಮ್ಮ ನನ್ನ ಎಡಗಿವಿಯ ಹತ್ತಿರ ಬಂದು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು. "ಥೂ! ದರಿದ್ರದ್ದು ಕಣಣ್ಣ ಇದು! ಶನಿ!"

ಕೂಗು ಕೇಳಿ ಬೀದಿಯಲ್ಲಿ ನಿಂತ ಜನ ಹೋ ಎಂದಿರಬೇಕು. ಎಲ್ಲರ ಬಾಯಿ ಒಟ್ಟಿಗೆ ತೆರೆದದ್ದು ಕಂಡೆ. ಚಿಕ್ಕತಾಯಿ ಹಗ್ಗದ ಗಂಟು ಬಿಚ್ಚಲು ಶುರು ಮಾಡಿದಳು. ಮೀಸೆಯವನು ಕಿವಿಯ ಬಟ್ಟೆ ಕಿತ್ತೆಸೆದು ಕೈ ಬೀಸಿ ಬೀಸಿ ಜಗಳ ತೆಗೆದ. ಕರಿಬಸಪ್ಪ ಅವನ ಹೆಗಲ ಮೇಲೆ ಕೈ ಹಾಕಿ ಆಚೆ ಕರೆದುಕೊಂಡು ಹೋದ. ಚಹಾ ಕುಡಿಸಿ, ಇಷ್ಟು ದೂರ ಬಂದವರು ಬರಿಗೈಲಿ ಹೋಗಬಾರದು ಎಂದು, ಬಲೂನು ಆಟ ಎಷ್ಟು ಚೆನ್ನಾಗಿದೆ ಎಂದು ವಿವರವಾಗಿ ಹೇಳಿ ಕಳಿಸಿದನಂತೆ. ಅಂದಿನಿಂದ ನಮ್ಮೂರಿನಲ್ಲಿ ನಾಲ್ಕು ಗಂಟೆಗೆ ಯಾರೂ ಏಳುವುದಿಲ್ಲ.

ಕೋಣೆಯಲ್ಲಿ ನಾವು ಮೂವರೇ ಉಳಿದೆವು. ಮಿಷನ್ನನ್ನು ಕಿಟಕಿಯ ಬಳಿ ಅದರ ಜಾಗಕ್ಕೆ ತಳ್ಳಿದೆವು. ನೆಲದ ಮೇಲೆ ಅದರ ಕಾಲುಗಳ ನಾಲ್ಕು ಗುರುತು ಇನ್ನೂ ಇದ್ದವು. ಸುಭದ್ರಮ್ಮ ಫೋನನ್ನು ಎದೆಯ ಮೇಲೆ ತೂಗುಹಾಕಿಕೊಂಡು, ನಾನು ಏನು ಹೇಳುತ್ತೇನೋ ಎಂದು ಅದರ ಕಡೆಗೇ ನೋಡುತ್ತಾ ನಿಂತಳು.

"ಎಂಟು ತಿಂಗಳದ್ದು ಬಾಕಿ ಐತೆ ತಂಗಿ" ಎಂದೆ.

ಅವಳು ಓದಿದಳು. ಮತ್ತೊಮ್ಮೆ ಓದಿದಳು. ಇರಲಿ ಬಿಡಿ ಎನ್ನುತ್ತಾಳೆ ಎಂದುಕೊಂಡೆ. ಅವಳು ಹಾಗೆ ಎನ್ನಲಿಲ್ಲ. ಎಡಗಿವಿಗೆ ಬಾಯಿಟ್ಟು, ಈ ಸಲ ಮೆಲ್ಲಗೆ, ಆದರೆ ನನಗೆ ತಿಳಿಯುವಷ್ಟು, "ಐತೆ" ಎಂದಳು. ಆಮೇಲೆ ಸ್ಟೂಲು ಎಳೆದುಕೊಂಡು ಕೂತು, ಸೂಜಿಗೆ ನೂಲು ಪೋಣಿಸಿದಳು.

ನಾನು ಗಿರಣಿಗೆ ಬಂದೆ. ಬಾಗಿಲಲ್ಲಿ ಆರು ಚೀಲ ಕಾದಿದ್ದವು, ಆರಕ್ಕೂ ದಾರ ಕಟ್ಟಿತ್ತು.